ಪ್ರತಿಕಾಯ 162 ಇದ್ದರೆ ಕುದುರೆಗೆ ಫ್ಲೂ ಬರುವುದಿಲ್ಲವೇ?

ಪ್ರಶ್ನೆ: ಡಾಕ್ಟರೇ, ನಮ್ಮ ಲಾಯದಲ್ಲಿ ಹನ್ನೆರಡು ಕುದುರೆಗಳಿವೆ. ಎಲ್ಲಕ್ಕೂ ಕುದುರೆ ಇನ್‌ಫ್ಲುಯೆಂಜಾ ಲಸಿಕೆ ಹಾಕಿಸುತ್ತೇವೆ. ಕಳೆದ ತಿಂಗಳು ಎರಡು ವರ್ಷದ ಒಂದು ಗಂಡು ಕುದುರೆಗೆ ಜ್ವರ, ಒಣಕೆಮ್ಮು ಬಂತು. ಮೂಗಿನ ಸ್ವಾಬ್ ಪರೀಕ್ಷೆಯಲ್ಲಿ ಫ್ಲೂ ಎಂದೇ ಖಚಿತವಾಯಿತು. ಅದಕ್ಕೆ ಎರಡನೇ ಡೋಸ್ ಆಗಿ ನಾಲ್ಕು ತಿಂಗಳಾಗಿತ್ತಷ್ಟೆ. ಗಾಬರಿಯಾಗಿ, ಮೂರು ವಾರ ಬಿಟ್ಟು ನನ್ನ ಏಳು ವರ್ಷದ ಹೆಣ್ಣು ಕುದುರೆಯ ರಕ್ತ ಪರೀಕ್ಷೆ ಮಾಡಿಸಿದೆ. ಅದಕ್ಕೆ ಕೆಮ್ಮು ಬಂದಿಲ್ಲ. ಕಳೆದ ಬೂಸ್ಟರ್ ಆಗಿ ಐದು ತಿಂಗಳಾಗಿದೆ. ವರದಿಯಲ್ಲಿ ‘ಎಸ್‌ಆರ್‌ಎಚ್ 162 ಚದರ ಮಿ.ಮೀ.’ ಎಂದಿದೆ, ಒಳ್ಳೆಯ ಮಟ್ಟ ಎಂದರು. ಹಾಗಾದರೆ ಈ ಸಲದ ಬೂಸ್ಟರ್ ಬಿಡಬಹುದೇ? ಲಸಿಕೆ ಹಾಕಿಸಿದ ಕುದುರೆಗೂ ರೋಗ ಬರುವುದಾದರೆ ಲಸಿಕೆಯಿಂದ ಏನು ಪ್ರಯೋಜನ? ಮುಂದಿನ ವರ್ಷ ಈ ಕುದುರೆಯಿಂದ ಮರಿ ಪಡೆಯುವ ಯೋಚನೆಯಿದೆ. ಮರಿಗೆ ಲಸಿಕೆ ಯಾವಾಗ ಹಾಕಿಸಬೇಕು?

ಉತ್ತರ: ಬೂಸ್ಟರ್ ಬಿಡಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

162 ಒಳ್ಳೆಯ ಸಂಖ್ಯೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಹೇಳುವ ವಿಷಯ ಬಹಳ ಕಿರಿದು. ರಕ್ತ ತೆಗೆದ ಆ ದಿನ, ಪ್ರಯೋಗಾಲಯದವರು ಪರೀಕ್ಷೆಗೆ ಬಳಸಿದ ಒಂದು ನಿರ್ದಿಷ್ಟ ವೈರಸ್ ತಳಿಯ ವಿರುದ್ಧ, ನಿಮ್ಮ ಕುದುರೆಯ ರಕ್ತದಲ್ಲಿ ಇಷ್ಟು ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಇತ್ತು, ಅಷ್ಟೆ. ಎರಡು ತಿಂಗಳ ನಂತರ ಎಷ್ಟು ಉಳಿದಿರುತ್ತದೆ, ನಾಳೆ ಎದುರಾಗುವ ವೈರಸ್ ಯಾವ ತಳಿಯದು, ಮೂಗಿನ ಒಳಪೊರೆಯಲ್ಲಿ ರಕ್ಷಣೆ ಹೇಗಿದೆ ಎಂಬುದು ಆ ವರದಿಯಲ್ಲಿ ಇಲ್ಲ. ಇನ್ನೂ ಒಂದು ಮುಖ್ಯ ಸಂಗತಿ: ಆ 162 ನಿಮ್ಮ ಲಸಿಕೆಯಿಂದಲೇ ಬಂದದ್ದು ಎಂದು ಒಪ್ಪಿಕೊಳ್ಳಲು ನನಗೆ ಹಿಂಜರಿಕೆ ಇದೆ. ಅದನ್ನು ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ವಾರ ನೀವು ಮಾಡಬೇಕಾದ ಕೆಲಸ ಅದನ್ನೇ ಅವಲಂಬಿಸಿದೆ.

ಎಸ್‌ಆರ್‌ಎಚ್ ಎಂದರೆ ಸಿಂಗಲ್ ರೇಡಿಯಲ್ ಹೀಮೋಲೈಸಿಸ್, ಪ್ರತಿಕಾಯ ಅಳೆಯುವ ಒಂದು ಪರೀಕ್ಷೆ. ಮೊದಲು ಅದು ಹೇಗೆ ನಡೆಯುತ್ತದೆ ನೋಡಿ. ಆಗ ಸಂಖ್ಯೆಯ ಬೆಲೆಯೂ ಮಿತಿಯೂ ತಾನಾಗಿ ಅರ್ಥವಾಗುತ್ತದೆ. ಕುರಿಯ ಕೆಂಪು ರಕ್ತಕಣಗಳಿಗೆ ಫ್ಲೂ ವೈರಸ್ ಅಂಟಿಸುತ್ತಾರೆ. ಅವನ್ನು ಗಿನಿಯಿಲಿಯ ಸೀರಮ್‌ನಿಂದ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಿಂದ) ಪಡೆದ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಜೊತೆ ಅಗರೋಸ್ ಜೆಲ್‌ನಲ್ಲಿ ಬೆರೆಸಿ ತೆಳುವಾಗಿ ಎರೆಯುತ್ತಾರೆ. ಹೆಪ್ಪುಗಟ್ಟಿದ ಆ ಕೆಂಪು ಹಾಳೆಯಲ್ಲಿ ಮೂರು ಮಿಲಿಮೀಟರ್ ಅಗಲದ ಪುಟ್ಟ ಗುಳಿಗಳನ್ನು ಕೊರೆದು, ಒಂದೊಂದರಲ್ಲೂ ಒಂದೊಂದು ಕುದುರೆಯ ಸೀರಮ್‌ನ ಒಂದು ಹನಿ ಹಾಕುತ್ತಾರೆ. ಆ ಸೀರಮ್ಮನ್ನು ಮೊದಲೇ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿರುತ್ತಾರೆ, ಕುದುರೆಯದೇ ಕಾಂಪ್ಲಿಮೆಂಟ್ ಕೆಲಸ ಮಾಡಿ ಲೆಕ್ಕ ತಪ್ಪಬಾರದೆಂದು. ರಾತ್ರಿ ಕಳೆಯುವಷ್ಟರಲ್ಲಿ ಪ್ರತಿಕಾಯಗಳು ಜೆಲ್‌ನೊಳಗೆ ಸುತ್ತಲೂ ಹರಡಿಕೊಳ್ಳುತ್ತವೆ. ವೈರಸ್ ಅಂಟಿದ ರಕ್ತಕಣ ಸಿಕ್ಕಿದಲ್ಲಿ ಹಿಡಿದುಕೊಳ್ಳುತ್ತವೆ, ಕಾಂಪ್ಲಿಮೆಂಟನ್ನು ಕರೆದುಕೊಳ್ಳುತ್ತವೆ, ರಕ್ತಕಣ ಒಡೆಯುತ್ತದೆ. ಬೆಳಿಗ್ಗೆ ನೋಡಿದರೆ ಗುಳಿಯ ಸುತ್ತ ಕೆಂಪು ಅಳಿದು ತಿಳಿಯಾದ ಒಂದು ವೃತ್ತ. ಅದರ ಅಗಲವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದು ವಿಸ್ತೀರ್ಣ ಲೆಕ್ಕ ಹಾಕುತ್ತಾರೆ. ನಿಮ್ಮ ಕುದುರೆಯ 162 ಚದರ ಮಿಲಿಮೀಟರ್ ಎಂದರೆ ಒಂದೂವರೆ ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ ಅಗಲದ ವೃತ್ತ.

ಇಲ್ಲಿ ಗಮನಿಸಬೇಕಾದದ್ದು, ಆ ರಕ್ತಕಣಗಳಿಗೆ ಅಂಟಿಸಿದ ವೈರಸ್ ಯಾವುದೋ ಒಂದು ತಳಿ. ಬೇರೆ ತಳಿ ಅಂಟಿಸಿದ್ದರೆ ಅದೇ ಸೀರಮ್ಮಿಗೆ ವೃತ್ತ ಚಿಕ್ಕದಾಗಬಹುದು. ಆದ್ದರಿಂದ ವರದಿಯಲ್ಲಿ ತಳಿಯ ಹೆಸರು ಬರೆದಿದೆಯೇ ಎಂದು ನೋಡಿ. ಬರೆದಿಲ್ಲವಾದರೆ ಕೇಳಿ ಪಡೆಯಿರಿ. ತಳಿಯ ಹೆಸರಿಲ್ಲದ ಎಸ್‌ಆರ್‌ಎಚ್ ಸಂಖ್ಯೆಗೆ ನನ್ನ ದೃಷ್ಟಿಯಲ್ಲಿ ಅರ್ಧ ಬೆಲೆ.

150 ಚದರ ಮಿ.ಮೀ.ಗಿಂತ ಮೇಲಿದ್ದರೆ ಒಳ್ಳೆಯದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಲಸಿಕೆ ಹಾಕಿದ ಪೋನಿಗಳಿಗೆ ಬೇಕೆಂದೇ ವೈರಸ್ ಒಡ್ಡಿ ನಡೆಸಿದ ಪ್ರಯೋಗಗಳಿಂದಲೂ, ರೋಗ ಹರಡಿದಾಗ ಲಾಯಗಳಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳಿಂದಲೂ ಬಂದ ಅಳತೆಗೋಲು ಅದು. ಲಸಿಕೆಯಲ್ಲಿರುವ ವೈರಸ್ಸಿಗೂ ಎದುರಾದ ವೈರಸ್ಸಿಗೂ ಹೊಂದಿಕೆ ಇದ್ದಾಗ, ಸುಮಾರು 150ರ ಮೇಲಿದ್ದ ಕುದುರೆಗಳು ಬಹುಪಾಲು ಸೋಂಕಿನಿಂದಲೇ ಪಾರಾಗುತ್ತಿದ್ದವು. ಸುಮಾರು 85ರ ಮೇಲಿದ್ದವು ಸೋಂಕು ತಗಲಿದರೂ ಜ್ವರ, ಕೆಮ್ಮಿನಿಂದ ಬಹುಮಟ್ಟಿಗೆ ಪಾರಾಗುತ್ತಿದ್ದವು. ಸೋಂಕು ತಗಲದಿರುವುದು ಬೇರೆ, ಕಾಯಿಲೆ ಬೀಳದಿರುವುದು ಬೇರೆ. ಈ ಎರಡರ ನಡುವೆ ಇರುವ ಕುದುರೆ ನೋಡಲು ಚೆನ್ನಾಗಿರುತ್ತದೆ, ಮೇವು ತಿನ್ನುತ್ತದೆ, ಜೊತೆಗೆ ವೈರಸ್ಸನ್ನೂ ಹರಡುತ್ತಿರುತ್ತದೆ.

ಪ್ರತಿಕಾಯ ಮಾಡುವ ಕೆಲಸ ಸರಳವಾಗಿದೆ. ಫ್ಲೂ ವೈರಸ್ಸಿನ ಮೈಮೇಲೆ ಹೀಮಗ್ಲುಟಿನಿನ್ ಎಂಬ ಮೊಳೆಯಾಕಾರದ ಪ್ರೋಟೀನುಗಳು ಎದ್ದು ನಿಂತಿರುತ್ತವೆ. ಶ್ವಾಸನಾಳದ ಒಳಪೊರೆಯ ಜೀವಕೋಶಗಳ ಮೇಲಿರುವ ಸಿಯಾಲಿಕ್ ಆಮ್ಲವನ್ನು ವೈರಸ್ ಹಿಡಿಯುವುದು ಆ ಪ್ರೋಟೀನಿನ ತಲೆಯ ಭಾಗದಿಂದ. ಲಸಿಕೆಯಿಂದ ಹುಟ್ಟಿದ ಒಳ್ಳೆಯ ಪ್ರತಿಕಾಯ ಆ ತಲೆಗೇ ಹೋಗಿ ಕೂರುತ್ತದೆ, ವೈರಸ್ಸಿಗೆ ಜೀವಕೋಶ ಹಿಡಿಯಲು ಜಾಗ ಸಿಗುವುದಿಲ್ಲ. ನ್ಯೂರಮಿನಿಡೇಸ್ ಎಂಬ ಇನ್ನೊಂದು ಪ್ರೋಟೀನಿನ ವಿರುದ್ಧ ಹುಟ್ಟುವ ಪ್ರತಿಕಾಯ ಸೋಂಕನ್ನು ತಡೆಯುವುದಿಲ್ಲ. ಆದರೆ ಒಳಗೆ ಬೆಳೆದ ಹೊಸ ವೈರಸ್ಸುಗಳು ಕಳಚಿಕೊಂಡು ಪಕ್ಕದ ಜೀವಕೋಶಕ್ಕೆ ಹಾರುವುದನ್ನು ಕಡಿಮೆ ಮಾಡುತ್ತದೆ. ನಮ್ಮ ಪರೀಕ್ಷೆಗಳೂ ಲಸಿಕೆಯ ಗುಣಮಟ್ಟದ ಲೆಕ್ಕವೂ ಮುಖ್ಯವಾಗಿ ಹೀಮಗ್ಲುಟಿನಿನ್ ಸುತ್ತಲೇ ಇವೆ.

ತೊಡಕು ಇರುವುದು ಆ ತಲೆಯಲ್ಲೇ. ವೈರಸ್ ಹೆಚ್ಚು ಬದಲಾಗುವುದೂ ಅಲ್ಲಿಯೇ. ಕುದುರೆಯ ಫ್ಲೂ ವೈರಸ್ಸನ್ನು ಮೊದಲು ಬೇರ್ಪಡಿಸಿದ್ದು 1956ರಲ್ಲಿ, ಪ್ರಾಗ್‌ನಲ್ಲಿ. ಅದು ಎಚ್‌7ಎನ್‌7 (ಎಚ್ ಎಂದರೆ ಹೀಮಗ್ಲುಟಿನಿನ್, ಎನ್ ಎಂದರೆ ನ್ಯೂರಮಿನಿಡೇಸ್, ಅಂಕಿಗಳು ಅವುಗಳ ಬಗೆ). 1963ರಲ್ಲಿ ಮಿಯಾಮಿಯಲ್ಲಿ ಎಚ್‌3ಎನ್‌8 ಸಿಕ್ಕಿತು. ಎಚ್‌7ಎನ್‌7 1970ರ ದಶಕದ ಕೊನೆಯಿಂದೀಚೆಗೆ ಸಿಕ್ಕಿಲ್ಲ, ಆದ್ದರಿಂದ ಅದನ್ನು ಲಸಿಕೆಯಲ್ಲಿ ಸೇರಿಸುವ ಅಗತ್ಯವಿಲ್ಲ ಎಂದು ತಜ್ಞರು ಹೇಳುತ್ತಾ ಬಂದಿದ್ದಾರೆ. ಈಗ ಜಗತ್ತಿನಲ್ಲಿ ಓಡಾಡುತ್ತಿರುವುದು ಎಚ್‌3ಎನ್‌8. ಅದು 1980ರ ದಶಕದ ಕೊನೆಯ ಹೊತ್ತಿಗೆ ಅಮೆರಿಕನ್, ಯುರೇಷಿಯನ್ ಎಂದು ಎರಡು ಕವಲಾಯಿತು. ಅಮೆರಿಕನ್ ಕವಲಿನಿಂದ ಫ್ಲಾರಿಡಾ ಉಪವಂಶ ಹುಟ್ಟಿ, ಅದು ಮತ್ತೆ ಕ್ಲೇಡ್ 1, ಕ್ಲೇಡ್ 2 ಎಂಬ ಎರಡು ಕಿರುಕವಲುಗಳಾಗಿ ಒಡೆಯಿತು.

ಈ ವಂಶಾವಳಿ ಓದಿ ಬೇಸರವಾಯಿತೇನೋ. ಆದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇರುವುದು ಇಲ್ಲೇ. 2003ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ, ಲಸಿಕೆಯ ದಾಖಲೆ ಕಟ್ಟುನಿಟ್ಟಾಗಿ ಇಡುವ ರೇಸ್ ಲಾಯಗಳಲ್ಲೇ ಫ್ಲೂ ಹರಡಿತು. ಲಸಿಕೆ ಹಾಕಿಸಿಕೊಂಡ, ರಕ್ತದಲ್ಲಿ ಪ್ರತಿಕಾಯವಿದ್ದ ಕುದುರೆಗಳಿಗೂ ಸೋಂಕು ತಗಲಿತು. ಆಗಿನ ಲಸಿಕೆಗಳಲ್ಲಿದ್ದವು ಹಳೆಯ ತಳಿಗಳು, ಬಂದದ್ದು ಫ್ಲಾರಿಡಾ ಉಪವಂಶದ ವೈರಸ್. ಪ್ರತಿಕಾಯ ಇತ್ತು, ಆದರೆ ಹೊಸ ತಲೆಯನ್ನು ಅದು ಬಿಗಿಯಾಗಿ ಹಿಡಿಯಲಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2010ರಿಂದ ಹೇಳುತ್ತಿರುವುದು, ಲಸಿಕೆಯಲ್ಲಿ ಎರಡೂ ಕ್ಲೇಡುಗಳ ಪ್ರತಿನಿಧಿ ಇರಬೇಕು ಎಂದು. ಕ್ಲೇಡ್ 1ಕ್ಕೆ ದಕ್ಷಿಣ ಆಫ್ರಿಕಾ 2003 ಅಥವಾ ಒಹಾಯೊ 2003ರಂಥ ತಳಿ, ಕ್ಲೇಡ್ 2ಕ್ಕೆ ರಿಚ್ಮಂಡ್ 2007ರಂಥ ತಳಿ. ಮುಂದಿನ ಬಾಟಲಿ ತರಿಸುವ ಮುಂಚೆ ಡಬ್ಬಿಯೊಳಗಿನ ಕಾಗದ ಬಿಡಿಸಿ ಈ ಹೆಸರುಗಳಿವೆಯೇ ನೋಡಿ. ಎಲ್ಲ ಕಂಪನಿಗಳೂ ತಳಿಗಳನ್ನು ಒಂದೇ ವೇಗದಲ್ಲಿ ಬದಲಾಯಿಸಿಲ್ಲ. ಎರಡು ಲಸಿಕೆಗಳ ನಡುವೆ ಆಯ್ಕೆ ಇದ್ದರೆ, ಬೆಲೆಗಿಂತ ಮೊದಲು ನಾನು ನೋಡುವುದು ಅದನ್ನೇ.

ತಳಿ ಹೊಂದದಿದ್ದರೆ ಲಸಿಕೆ ಪೂರ್ತಿ ವ್ಯರ್ಥ ಎಂದುಕೊಳ್ಳಬೇಡಿ. ಸಡಿಲವಾಗಿ ಹಿಡಿಯುವ ಪ್ರತಿಕಾಯವನ್ನು ಹೆಚ್ಚಿನ ಪ್ರಮಾಣ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಹೊಂದಿಕೆ ತಪ್ಪಿದಾಗ ಮೊದಲು ಕೈಬಿಡುವುದು ವೈರಸ್ ಹೊರಬೀಳುವುದನ್ನು ತಡೆಯುವ ಗುಣ. ಜ್ವರ, ಕೆಮ್ಮು ತಗ್ಗಿಸುವ ಗುಣ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಪಡೆದಿದ್ದ ರೇಸ್ ಕುದುರೆಗಳಲ್ಲಿ ಕ್ಲೇಡ್ 1ರ ವೈರಸ್ ಪತ್ತೆಯಾಗಿ, ಆರು ದಿನ ಇಡೀ ದೇಶದ ರೇಸ್‌ಗಳನ್ನೇ ನಿಲ್ಲಿಸಿದ್ದರು. ಲಸಿಕೆ ಪಡೆದ ಕುದುರೆಗಳ ಕಾಯಿಲೆ ಸೌಮ್ಯವಾಗಿತ್ತು. ಪತ್ತೆ ಕಷ್ಟವಾಗುವುದೂ ಅದರಿಂದಲೇ.

ಈಗ ನಿಮ್ಮ ಎರಡು ವರ್ಷದ ಗಂಡು ಕುದುರೆಯ ವಿಷಯ. ಅದು ಲಸಿಕೆಯ ಸೋಲೆಂದು ನಾನು ಹೇಳುವುದಿಲ್ಲ. ವೇಳಾಪಟ್ಟಿಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ತೆರಪು ಇದೆ, ಅದು ಸರಿಯಾಗಿ ಆ ತೆರಪಿನಲ್ಲಿ ಸಿಕ್ಕಿಕೊಂಡಿತು. ವೈರಸ್ಸನ್ನೇ ಕಾಣದ ಎಳೆಯ ಕುದುರೆಗೆ ಮೊದಲ ಡೋಸ್ ಕೊಟ್ಟರೆ ಪ್ರತಿಕಾಯ ಸ್ವಲ್ಪವೇ ಹುಟ್ಟುತ್ತದೆ. ಕೆಲವಕ್ಕೆ ಹುಟ್ಟಿದ್ದೇ ಕಾಣುವುದಿಲ್ಲ. ನಾಲ್ಕರಿಂದ ಆರು ವಾರ ಬಿಟ್ಟು ಎರಡನೇ ಡೋಸ್ ಕೊಟ್ಟಾಗ ಮಟ್ಟ ಚೆನ್ನಾಗಿ ಏರುತ್ತದೆ, ಎರಡು ವಾರಕ್ಕೆ ತುದಿ ಮುಟ್ಟುತ್ತದೆ. ಅಲ್ಲಿಂದ ಅಷ್ಟೇ ಬೇಗ ಇಳಿಯುತ್ತದೆ. ಮೂರು, ನಾಲ್ಕು ತಿಂಗಳ ಹೊತ್ತಿಗೆ ಬಹಳಷ್ಟು ಎಳೆಯ ಕುದುರೆಗಳಲ್ಲಿ ರಕ್ಷಣೆಯ ಮಟ್ಟಕ್ಕಿಂತ ಕೆಳಗೆ ಹೋಗಿರುತ್ತದೆ. ಮೂರನೇ ಡೋಸ್ ಇರುವುದು ಐದರಿಂದ ಆರು ತಿಂಗಳಿಗೆ. ನಡುವೆ ಒಂದೆರಡು ತಿಂಗಳು ದಾಖಲೆ ಪುಸ್ತಕದಲ್ಲಿ ‘ಲಸಿಕೆ ಆಗಿದೆ’ ಎಂದಿರುತ್ತದೆ, ರಕ್ತದಲ್ಲಿ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಎಳೆಯ ಕುದುರೆಗಳನ್ನು ತರಬೇತಿಗೆ, ಮಾರಾಟಕ್ಕೆ, ಹೊಸ ಲಾಯಗಳಿಗೆ ಸಾಗಿಸುವುದು ಬಹುಮಟ್ಟಿಗೆ ಈ ವಯಸ್ಸಿನಲ್ಲೇ. ಎಷ್ಟೋ ಲಾಯಗಳಲ್ಲಿ ರೋಗ ಒಳಬರುವ ಬಾಗಿಲು ಎಳೆಯ ಕುದುರೆಗಳೇ ಆಗುವುದು ಈ ಕಾರಣಕ್ಕೆ. ಆ ತಿಂಗಳುಗಳಲ್ಲಿ ಎಳೆಯವನ್ನು ಹೊರಗಿನ ಕುದುರೆಗಳ ಜೊತೆ ಬೆರೆಸದಂತೆ ಯೋಜನೆ ಮಾಡಿಕೊಳ್ಳುವುದು ನನ್ನ ಮಟ್ಟಿಗೆ ಲಸಿಕೆಯಷ್ಟೇ ಮುಖ್ಯ.

ಮೂರನೇ ಡೋಸ್ ಆದ ಮೇಲೆ ಚಿತ್ರ ಬದಲಾಗುತ್ತದೆ. ಮಟ್ಟ ಮತ್ತೂ ಮೇಲಕ್ಕೆ ಹೋಗುತ್ತದೆ, ಇಳಿಯುವ ವೇಗ ನಿಧಾನವಾಗುತ್ತದೆ. ವೈರಸ್ಸನ್ನು ನೆನಪಿಟ್ಟುಕೊಂಡು ಪ್ರತಿಕಾಯ ಹುಟ್ಟಿಸುವ ಬಿ ಕೋಶಗಳು ಬೇಕಾದಷ್ಟು ಸಂಖ್ಯೆಯಲ್ಲಿ ಇರುತ್ತವೆ, ಹಾಗಾಗಿ ಪ್ರತಿ ಬೂಸ್ಟರಿಗೂ ಮೈ ಬೇಗ ಸ್ಪಂದಿಸುತ್ತದೆ. ವರ್ಷಗಳಿಂದ ತಪ್ಪದೆ ಲಸಿಕೆ ಪಡೆದ ನಿಮ್ಮ ಹೆಣ್ಣು ಕುದುರೆ ಈ ಗುಂಪಿನದು. ಸ್ಪರ್ಧೆಗೆ, ಪ್ರಯಾಣಕ್ಕೆ ಹೋಗದ ವಯಸ್ಕ ಕುದುರೆಗೆ ವರ್ಷಕ್ಕೊಂದು ಬೂಸ್ಟರ್ ಸಾಕಾಗುವುದುಂಟು. ಹೊರಗೆ ಓಡಾಡುವ ಕುದುರೆಗೆ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಅಂತರರಾಷ್ಟ್ರೀಯ ಅಶ್ವ ಕ್ರೀಡಾ ಒಕ್ಕೂಟವೂ ಸ್ಪರ್ಧೆಗೆ ಬರುವ ಕುದುರೆಗೆ ಹಿಂದಿನ ಆರು ತಿಂಗಳು ಇಪ್ಪತ್ತೊಂದು ದಿನಗಳ ಒಳಗೆ ಬೂಸ್ಟರ್ ಆಗಿರಬೇಕೆಂದು ಕೇಳುತ್ತದೆ. ರಕ್ತದ ವರದಿ ತೋರಿಸಿ ಆ ನಿಯಮದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಂದು ವೇಳೆ ಆಗುತ್ತಿದ್ದರೂ ನಾನು ಸಲಹೆ ಕೊಡುತ್ತಿರಲಿಲ್ಲ. 162 ಎನ್ನುವುದು ಇಳಿಜಾರಿನ ಮೇಲೆ ಒಂದು ದಿನ ಕಂಡ ಜಾಗ. ಮುಂದಿನ ಸ್ಪರ್ಧೆಯ ದಿನ ಅದು ಅಲ್ಲಿರುವುದಿಲ್ಲ.

ಇನ್ನು ಪ್ರತಿಕಾಯಗಳಲ್ಲೂ ಬಗೆಗಳಿವೆ. ಇದನ್ನು ಹೇಳದೆ ಹೋದರೆ ವಿಷಯ ಅಪೂರ್ಣ. ಸಹಜವಾಗಿ ಸೋಂಕು ತಗಲಿ ಚೇತರಿಸಿಕೊಂಡ ಕುದುರೆಯ ರಕ್ತದಲ್ಲಿ ವೈರಸ್ಸನ್ನು ಕಟ್ಟಿಹಾಕಿ ಕಾಂಪ್ಲಿಮೆಂಟನ್ನೂ ಎಬ್ಬಿಸಬಲ್ಲ, ಐಜಿಜಿ ಎಂಬ ಪ್ರತಿಕಾಯದ ಉಪವರ್ಗಗಳು ಹೇರಳವಾಗಿರುತ್ತವೆ, ಮೂಗಿನ ಸ್ರಾವದಲ್ಲಿ ಐಜಿಎ ಎಂಬ ಪ್ರತಿಕಾಯ ಸಿಗುತ್ತದೆ. ವೈರಸ್ ಇಳಿಯುವ ಜಾಗದಲ್ಲೇ ಎದುರು ನಿಲ್ಲುವುದು ಈ ಐಜಿಎ. ಲಸಿಕೆಯ ಪರಿಣಾಮ ಹೆಚ್ಚಿಸಲು ಅಲ್ಯೂಮಿನಿಯಂ ಸಹಾಯಕ ಬೆರೆಸಿದ, ಹಳೆಯ ಕಾಲದ ನಿಷ್ಕ್ರಿಯ (ಸತ್ತ ವೈರಸ್ಸಿನ) ಲಸಿಕೆಗಳು ಸೀರಮ್‌ನಲ್ಲಿ ಒಟ್ಟು ಪ್ರತಿಕಾಯವನ್ನು ಚೆನ್ನಾಗಿ ಏರಿಸುತ್ತಿದ್ದವು. ಆದರೆ ಅದರಲ್ಲಿ ಬಹುಪಾಲು ಐಜಿಜಿ(ಟಿ) ಎಂಬ, ಕಾಂಪ್ಲಿಮೆಂಟಿನ ಕೆಲಸಕ್ಕೆ ಬಾರದ ಉಪವರ್ಗ. ಮೂಗಿನಲ್ಲಿ ಐಜಿಎ ಅಷ್ಟಕ್ಕಷ್ಟೇ. ಆಮೇಲೆ ಬಂದ ಇಸ್ಕಾಮ್, ಕಾರ್ಬೋಮರ್‌ನಂಥ ಸಹಾಯಕಗಳು, ಕ್ಯಾನರಿಪಾಕ್ಸ್ ಎಂಬ ಹಕ್ಕಿಯ ಸಿಡುಬಿನ ವೈರಸ್ಸಿನಲ್ಲಿ ಹೀಮಗ್ಲುಟಿನಿನ್ ಜೀನನ್ನು ಕೂರಿಸಿದ ಲಸಿಕೆಗಳು ಪ್ರತಿಕ್ರಿಯೆಯನ್ನು ಸಹಜ ಸೋಂಕಿನ ಮಾದರಿಗೆ ಹತ್ತಿರ ತಂದಿವೆ. ಸೋಂಕು ತಗಲಿದ ಜೀವಕೋಶಗಳನ್ನು ಕೊಲ್ಲುವ ಟಿ ಕೋಶಗಳನ್ನೂ ಇವು ಒಂದಿಷ್ಟು ಎಬ್ಬಿಸುತ್ತವೆ.

ರಕ್ತದ ಸಂಖ್ಯೆಯೇ ಸರ್ವಸ್ವವಲ್ಲ ಎನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಎರಡು. ಸಹಜ ಸೋಂಕಿನಿಂದ ಎದ್ದ ಪೋನಿಗಳಲ್ಲಿ ತಿಂಗಳುಗಳು ಕಳೆದು ರಕ್ತದ ಪ್ರತಿಕಾಯ ಬಹಳ ಇಳಿದಾಗಲೂ, ಮತ್ತೆ ವೈರಸ್ ಒಡ್ಡಿದರೆ ಅವು ಕಾಯಿಲೆ ಬೀಳಲಿಲ್ಲ. ಇನ್ನೊಂದು, ಅಮೆರಿಕದಲ್ಲಿ ಬಂದ, ಮೂಗಿನೊಳಗೆ ಸಿಂಪಡಿಸುವ ಸಜೀವ ಲಸಿಕೆ. ಅದರ ವೈರಸ್ಸನ್ನು ತಣ್ಣನೆಯ ಮೂಗಿನಲ್ಲಷ್ಟೇ ಬೆಳೆದು, ಬೆಚ್ಚಗಿನ ಶ್ವಾಸಕೋಶದಲ್ಲಿ ಬೆಳೆಯದ ಹಾಗೆ ಒಗ್ಗಿಸಿರುತ್ತಾರೆ. ಒಂದೇ ಡೋಸ್‌ನಿಂದ ಆರು ತಿಂಗಳು ಕಾಯಿಲೆಯಿಂದ ರಕ್ಷಣೆ ಸಿಕ್ಕಿದೆ, ಆದರೆ ಆ ಕುದುರೆಗಳ ರಕ್ತ ತೆಗೆದು ನೋಡಿದರೆ ಪ್ರತಿಕಾಯ ಅತ್ಯಲ್ಪ. ಹೀಗಾಗಿ ನಿಷ್ಕ್ರಿಯ ಲಸಿಕೆ ಪಡೆದ ಕುದುರೆಯಲ್ಲಿ ಎಸ್‌ಆರ್‌ಎಚ್ ಮಟ್ಟ ರಕ್ಷಣೆಯ ಒಳ್ಳೆಯ ಸೂಚಕ. ಸೋಂಕಿನಿಂದ ಎದ್ದದ್ದರಲ್ಲಿ, ಮೂಗಿನ ಲಸಿಕೆ ಪಡೆದದ್ದರಲ್ಲಿ ಕಡಿಮೆ ಸಂಖ್ಯೆ ಕಂಡರೆ ಅದರಿಂದ ರಕ್ಷಣೆ ಇಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ.

‘ಲಸಿಕೆಯಿಂದ ಏನು ಪ್ರಯೋಜನ’ ಎಂದು ಕೇಳಿದ್ದೀರಿ. ಲಸಿಕೆ ಇಲ್ಲದ ಕುದುರೆಗೆ ಈ ರೋಗ ಏನು ಮಾಡುತ್ತದೆ ಎಂಬುದರಿಂದ ಶುರು ಮಾಡೋಣ. ವೈರಸ್ ಹೊಕ್ಕ ಒಂದರಿಂದ ಮೂರು ದಿನದಲ್ಲಿ ಜ್ವರ, ಕೆಲವೊಮ್ಮೆ 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಳದಿಂದ ಬರುವ ಒಣಕೆಮ್ಮು, ಮೊದಲು ನೀರಾಗಿ ಆಮೇಲೆ ಗಟ್ಟಿಯಾಗಿ ಇಳಿಯುವ ಸಿಂಬಳ, ಮೇವು ಬಿಡುವುದು. ಶ್ವಾಸನಾಳದ ಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿರುವ ಪದರವನ್ನೇ ವೈರಸ್ ಕಿತ್ತುಹಾಕುತ್ತದೆ. ಅದು ಮತ್ತೆ ಬೆಳೆಯಲು ಮೂರು ವಾರವಾದರೂ ಬೇಕು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಇಳಿದರೆ ನ್ಯುಮೋನಿಯಾ. ಜ್ವರ ಬಂದಷ್ಟು ದಿನಕ್ಕೆ ಅಷ್ಟು ವಾರ ವಿಶ್ರಾಂತಿ ಎಂಬ ರೂಢಿಯ ಲೆಕ್ಕ ಇದರಿಂದಲೇ ಬಂದದ್ದು, ದಯವಿಟ್ಟು ನಿಮ್ಮ ಗಂಡು ಕುದುರೆಗೂ ಅದನ್ನು ಪಾಲಿಸಿ. ಕತ್ತೆ, ಹೇಸರಗತ್ತೆಗಳಲ್ಲಿ ಕಾಯಿಲೆ ಇನ್ನೂ ಜೋರು. ಲಸಿಕೆ ಕಾಣದ ಕುದುರೆ ಏಳರಿಂದ ಹತ್ತು ದಿನ ವೈರಸ್ ಹೊರಹಾಕುತ್ತದೆ, ಪ್ರತಿ ಕೆಮ್ಮಿಗೂ ಹತ್ತಾರು ಮೀಟರ್ ಹರಡುತ್ತದೆ. ಲಸಿಕೆ ಪಡೆದ ಕುದುರೆಗೆ ಸೋಂಕು ತಗಲಿದರೂ ಜ್ವರ ಕಡಿಮೆ, ಹೊರಬೀಳುವ ವೈರಸ್ ಕಡಿಮೆ, ಬೀಳುವ ದಿನಗಳೂ ಕಡಿಮೆ. ಲಾಯದ ಬಹುಪಾಲು ಕುದುರೆಗಳು ಹೀಗಿದ್ದರೆ ಒಂದರಿಂದ ಇನ್ನೊಂದಕ್ಕೆ ಸಾಗುವ ಸರಪಳಿ ತಾನಾಗಿ ತುಂಡಾಗುತ್ತದೆ. ನಿಮ್ಮ ಹನ್ನೆರಡರಲ್ಲಿ ಒಂದಕ್ಕೇ ಕೆಮ್ಮು ನಿಂತದ್ದು ಅದೃಷ್ಟದಿಂದ ಎಂದು ನನಗನ್ನಿಸುವುದಿಲ್ಲ. ಲಸಿಕೆಯ ಪ್ರಯೋಜನ ನಿಮ್ಮ ಕಣ್ಣೆದುರಿಗೇ ಇದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2007ರ ಆಗಸ್ಟ್‌ವರೆಗೆ ಆಸ್ಟ್ರೇಲಿಯಾಕ್ಕೆ ಈ ರೋಗವೇ ಗೊತ್ತಿರಲಿಲ್ಲ. ಜಪಾನಿನಿಂದ ಬಂದ, ಲಸಿಕೆ ಪಡೆದಿದ್ದ ಕುದುರೆಗಳು ವೈರಸ್ಸನ್ನು ಹೊತ್ತು ತಂದವು, ಕ್ವಾರಂಟೈನ್ ಕೇಂದ್ರದಿಂದ ಅದು ಹೊರಬಿತ್ತು. ಅಲ್ಲಿನ ಕುದುರೆಗಳಿಗೆ ಲಸಿಕೆಯೂ ಇಲ್ಲ, ಹಳೆಯ ಸೋಂಕೂ ಇಲ್ಲ. ಕೆಲವೇ ತಿಂಗಳಲ್ಲಿ ಸುಮಾರು 10,000 ಸ್ಥಳಗಳಲ್ಲಿ 70,000ಕ್ಕೂ ಹೆಚ್ಚು ಕುದುರೆಗಳಿಗೆ ರೋಗ ಹರಡಿತು. ಓಡಾಟ ನಿಲ್ಲಿಸಿ, ಸೋಂಕಿನ ಪ್ರದೇಶಗಳ ಸುತ್ತ ಲಸಿಕೆ ಹಾಕಿ, ಡಿಸೆಂಬರ್ ಹೊತ್ತಿಗೆ ಅದನ್ನು ಪೂರ್ತಿ ನಿಲ್ಲಿಸಿದರು. ಅವರು ಆಯ್ದದ್ದು ಕ್ಯಾನರಿಪಾಕ್ಸ್ ಲಸಿಕೆ, ಅದಕ್ಕೆ ಒಂದು ಜಾಣ ಕಾರಣವಿತ್ತು. ಆ ಲಸಿಕೆಯಲ್ಲಿ ವೈರಸ್ಸಿನ ಹೀಮಗ್ಲುಟಿನಿನ್ ಒಂದೇ ಇರುತ್ತದೆ. ವೈರಸ್ಸಿನ ಒಳಗಿನ ನ್ಯೂಕ್ಲಿಯೊಪ್ರೋಟೀನ್ ಇರುವುದಿಲ್ಲ. ಕುದುರೆಯ ರಕ್ತದಲ್ಲಿ ನ್ಯೂಕ್ಲಿಯೊಪ್ರೋಟೀನ್ ವಿರುದ್ಧ ಪ್ರತಿಕಾಯ ಕಂಡರೆ ಅದಕ್ಕೆ ನಿಜವಾದ ಸೋಂಕು ತಗಲಿದೆ, ಕಾಣದಿದ್ದರೆ ಲಸಿಕೆಯದಷ್ಟೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಿಮ್ಮ ವರದಿಯ ವಿಷಯದಲ್ಲಿ ಬೇಕಾಗುತ್ತದೆ.

ಮರಿಯ ವಿಷಯ. ಹೆಣ್ಣು ಕುದುರೆಯ ಗರ್ಭಕೋಶದಿಂದ ಮಾಸಿನ ಮೂಲಕ ಪ್ರತಿಕಾಯ ಮರಿಗೆ ದಾಟುವುದಿಲ್ಲ. ಮರಿ ಹುಟ್ಟುವಾಗ ಬರಿಗೈ. ಅದಕ್ಕೆ ಸಿಗುವುದೆಲ್ಲ ಗಿಣ್ಣು ಹಾಲಿನಿಂದ, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆಯುವಷ್ಟರಲ್ಲಿ ಕರುಳು ಆ ದೊಡ್ಡ ಅಣುಗಳನ್ನು ಒಳಬಿಡುವುದನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಗಬ್ಬದ ಕುದುರೆಗೆ ಮರಿ ಹಾಕುವ ನಾಲ್ಕರಿಂದ ಆರು ವಾರ ಮುಂಚೆ ಬೂಸ್ಟರ್ ಕೊಡಿಸಿ. ಗಿಣ್ಣಿನಲ್ಲಿ ಪ್ರತಿಕಾಯ ಶೇಖರವಾಗಲು ಅದು ತಕ್ಕ ಸಮಯ. ಮರಿ ಹುಟ್ಟಿದ ಮಾರನೆಯ ದಿನ ರಕ್ತದ ಐಜಿಜಿ ಅಳೆಸಿ. ಪ್ರತಿ ಡೆಸಿಲೀಟರಿಗೆ 800 ಮಿಲಿಗ್ರಾಮಿಗಿಂತ ಮೇಲಿದ್ದರೆ ನಿಶ್ಚಿಂತೆ. 400ಕ್ಕಿಂತ ಕೆಳಗಿದ್ದರೆ ಪಶುವೈದ್ಯರು ಪ್ಲಾಸ್ಮಾ ಕೊಡುವ ಬಗ್ಗೆ ತಕ್ಷಣ ನಿರ್ಧರಿಸಬೇಕು.

ಬೇಗ ಲಸಿಕೆ ಹಾಕಿಸಿದರೆ ಮರಿಗೆ ಬೇಗ ರಕ್ಷಣೆ ಎಂಬ ಆಸೆ ಸಹಜ, ಆದರೆ ಇಲ್ಲಿ ಅದು ತಿರುಗಿ ಹೊಡೆಯುತ್ತದೆ. ತಾಯಿಯಿಂದ ಬಂದ ಪ್ರತಿಕಾಯ ಮರಿಯ ರಕ್ತದಲ್ಲಿ ಇರುವಷ್ಟು ಕಾಲ, ಚುಚ್ಚಿದ ಲಸಿಕೆಯ ಪ್ರತಿಜನಕವನ್ನು (ಲಸಿಕೆಯಲ್ಲಿರುವ ವೈರಸ್ಸಿನ ಪ್ರೋಟೀನನ್ನು) ಅದೇ ಹೋಗಿ ಮುಚ್ಚಿಬಿಡುತ್ತದೆ. ಮರಿಯ ರೋಗನಿರೋಧಕ ಕೋಶಗಳಿಗೆ ಲಸಿಕೆ ಕಾಣುವುದೇ ಇಲ್ಲ. ತಾಯಿಯ ಪ್ರತಿಕಾಯ ಹೆಚ್ಚುಕಡಿಮೆ ಪ್ರತಿ ತಿಂಗಳಿಗೂ ಅರ್ಧಕ್ಕಿಳಿಯುತ್ತಾ ಹೋಗುತ್ತದೆ. ಚೆನ್ನಾಗಿ ಲಸಿಕೆ ಪಡೆದ ತಾಯಿಯ ಮರಿಯಲ್ಲಿ ಐದಾರು ತಿಂಗಳವರೆಗೂ ಅಡ್ಡಿಯಾಗುವಷ್ಟು ಉಳಿದಿರಬಹುದು. ಆದ್ದರಿಂದ ಆರು ತಿಂಗಳು ತುಂಬಿದ ಮೇಲೆ ಮೊದಲ ಡೋಸ್, ನಾಲ್ಕರಿಂದ ಆರು ವಾರಕ್ಕೆ ಎರಡನೆಯದು, ಅಲ್ಲಿಂದ ಐದಾರು ತಿಂಗಳಿಗೆ ಮೂರನೆಯದು. ಮೂರನೆಯದನ್ನು ಒಂದು ದಿನವೂ ತಡ ಮಾಡಬೇಡಿ, ಆ ತೆರಪು ಎಷ್ಟು ದುಬಾರಿ ಎಂಬುದನ್ನು ಈಗಷ್ಟೇ ಕಂಡಿದ್ದೀರಿ.

ಈಗ ಆ 162ರ ವಿಷಯ. ನೀವು ರಕ್ತ ತೆಗೆಸಿದ್ದು ಪಕ್ಕದ ಕುದುರೆಗೆ ಫ್ಲೂ ಬಂದು ಮೂರು ವಾರವಾದ ಮೇಲೆ. ಅದೇ ಗಾಳಿ, ಬಹುಶಃ ಅದೇ ಬಕೆಟ್ಟು, ಅದೇ ಕೈಗಳು. ಬೂಸ್ಟರ್ ಆಗಿ ಐದು ತಿಂಗಳಾದ ಕುದುರೆಗೆ ವೈರಸ್ ತಗಲಿ, ಕೆಮ್ಮೇ ಇಲ್ಲದೆ ಒಳಗೊಳಗೆ ಸೋಂಕು ಬಂದು ಹೋಗಿದ್ದರೆ, ನೆನಪಿನ ಕೋಶಗಳು ಎದ್ದು ಪ್ರತಿಕಾಯವನ್ನು ಏರಿಸಿರುತ್ತವೆ. ಎರಡನೇ ವಾರದ ನಂತರ ಆ ಏರಿಕೆ ಚೆನ್ನಾಗಿ ಕಾಣುತ್ತದೆ. ಅಂದರೆ 162 ಲಸಿಕೆಯಿಂದ ಉಳಿದ ಮಟ್ಟವೂ ಆಗಿರಬಹುದು, ಕಳೆದ ತಿಂಗಳ ಗುಪ್ತ ಸೋಂಕಿನ ಗುರುತೂ ಆಗಿರಬಹುದು. ಒಂದೇ ಮಾದರಿಯ ಎಸ್‌ಆರ್‌ಎಚ್ ಸಂಖ್ಯೆಯಿಂದ ಇದನ್ನು ಬಿಡಿಸಲು ಯಾರಿಂದಲೂ ಆಗದು. ಎರಡು ಮಾದರಿ ಬೇಕು, ಒಂದು ಸೋಂಕಿನ ಮುಂಚಿನದು ಅಥವಾ ಶುರುವಿನದು, ಇನ್ನೊಂದು ಎರಡು ಮೂರು ವಾರದ ನಂತರದ್ದು, ಎರಡನ್ನೂ ಒಂದೇ ದಿನ ಒಂದೇ ತಳಿಯೊಡನೆ ಪರೀಕ್ಷಿಸಬೇಕು. 25 ಚದರ ಮಿ.ಮೀ. ಅಥವಾ ಶೇ 50ರಷ್ಟು, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಏರಿದ್ದರೂ ಅದನ್ನು ಹೊಸ ಸೋಂಕೆಂದು ಪರಿಗಣಿಸುತ್ತಾರೆ.

ಗುಪ್ತ ಸೋಂಕಾಗಿದ್ದರೆ ಏನಂತೆ, ಕುದುರೆ ಚೆನ್ನಾಗಿಯೇ ಇದೆಯಲ್ಲ ಎಂದು ನಿಮಗನ್ನಿಸಬಹುದು. ಎರಡು ಕಾರಣಕ್ಕೆ ಇದು ಮುಖ್ಯ. ಒಳಗೊಳಗೆ ಸೋಂಕು ಹರಿದಿದ್ದರೆ ಉಳಿದ ಹತ್ತರಲ್ಲೂ ಕೆಲವಕ್ಕೆ ತಗಲಿರುತ್ತದೆ, ಕೆಲವು ಈಗಲೂ ವೈರಸ್ ಹೊರಹಾಕುತ್ತಿರಬಹುದು. ಎರಡನೆಯದು, ಆ ಕುದುರೆ ನಿರಾಳವಾಗಿ ಕೆಲಸ ಮಾಡುತ್ತಿದ್ದರೂ ಶ್ವಾಸನಾಳದ ಪದರ ಪೂರ್ತಿ ಮಾಗಿರಲಿಕ್ಕಿಲ್ಲ, ಜೋರಾಗಿ ಓಡಿಸಿದರೆ ತೊಂದರೆ.

ಹಾಗಾಗಿ ಈ ವಾರ ಹೀಗೆ ಮಾಡಿ. ಹೊಸ ಕುದುರೆಯನ್ನು ಒಳಗೆ ತರಬೇಡಿ, ಇರುವುದನ್ನು ಹೊರಗೆ ಕಳಿಸಬೇಡಿ. ಹನ್ನೆರಡಕ್ಕೂ ಬೆಳಿಗ್ಗೆ ಸಂಜೆ ಗುದದ ಉಷ್ಣತೆ ನೋಡಿ ಬರೆದಿಡಿ. 38.5 ಡಿಗ್ರಿ ದಾಟಿದ ಕುದುರೆಯ ಮೂಗಿನಿಂದ ಅದೇ ದಿನ ಸ್ವಾಬ್ ತೆಗೆಸಿ. ಬಕೆಟ್ಟು, ಲಗಾಮು, ಬ್ರಷ್ಷುಗಳನ್ನು ಹಂಚಿಕೊಳ್ಳುವುದು ನಿಲ್ಲಿಸಿ. ಸಾಮಾನ್ಯ ಸೋಪು, ಸೋಂಕುನಿವಾರಕಗಳಿಗೆ ಈ ವೈರಸ್ ಸುಲಭವಾಗಿ ಸಾಯುತ್ತದೆ. ಜ್ವರವಿಲ್ಲದ, ಮೊದಲೇ ಮೂರು ಡೋಸ್ ಆಗಿರುವ ಕುದುರೆಗಳಿಗೆ ಈಗಲೇ ಬೂಸ್ಟರ್ ಕೊಡಿಸುವುದು ಒಳ್ಳೆಯದು. ನೆನಪಿರುವ ಮೈ ಕೆಲವೇ ದಿನಗಳಲ್ಲಿ ಪ್ರತಿಕಾಯ ಏರಿಸುತ್ತದೆ. ಬೂಸ್ಟರ್ ಕೊಡುವ ಮುಂಚೆ ಎಲ್ಲದರ ರಕ್ತ ತೆಗೆಸಿ ಸೀರಮ್ ಇಡಿಸಿ. ಕೊಟ್ಟ ಮೇಲೆ ಏರುವ ಸಂಖ್ಯೆಯಿಂದ ಸೋಂಕನ್ನು ಗುರುತಿಸಲು ಆಗುವುದಿಲ್ಲ.

ಕೊನೆಗೆ ಎರಡು ವಿಚಾರಣೆ ಮಾಡಿ. ನಿಮ್ಮ ಹೆಣ್ಣು ಕುದುರೆಯ ರಕ್ತವನ್ನು ಈ ಮುಂಚೆ ಯಾವುದಾದರೂ ಕಾರಣಕ್ಕೆ, ಕೊಂಡುಕೊಳ್ಳುವಾಗಲೋ ಪ್ರಯಾಣಕ್ಕೆ ಮುಂಚೆಯೋ, ಪರೀಕ್ಷೆಗೆ ಕಳಿಸಿದ್ದೀರಾ ನೆನಪಿಸಿಕೊಳ್ಳಿ. ಎಷ್ಟೋ ಪ್ರಯೋಗಾಲಯಗಳು ಸೀರಮ್ಮನ್ನು ಶೀತಲಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟಿರುತ್ತವೆ. ಈ ಐದು ತಿಂಗಳೊಳಗಿನ, ಬೂಸ್ಟರ್ ಆದ ಮೇಲಿನ ಮಾದರಿ ಸಿಕ್ಕರೆ ಅದನ್ನೂ ಈಗಿನದನ್ನೂ ಜೊತೆಗೆ ಪರೀಕ್ಷಿಸಲು ಹೇಳಿ. ಅದಕ್ಕಿಂತ ಹಳೆಯದಾದರೆ ಏರಿಕೆ ಬೂಸ್ಟರಿನದೂ ಆಗಿರಬಹುದು, ಉಪಯೋಗವಿಲ್ಲ. ಎರಡನೆಯದು, ನೀವು ಇಷ್ಟು ವರ್ಷ ಹಾಕಿಸಿದ ಲಸಿಕೆ ಯಾವ ಬಗೆಯದು ಎಂದು ದಾಖಲೆ ಪುಸ್ತಕದ ಸ್ಟಿಕ್ಕರ್ ನೋಡಿ. ಕ್ಯಾನರಿಪಾಕ್ಸ್ ಬಗೆಯದಾದರೆ ಈಗ ಇರುವ ಒಂದೇ ಮಾದರಿಯಲ್ಲಿ ನ್ಯೂಕ್ಲಿಯೊಪ್ರೋಟೀನ್ ವಿರುದ್ಧದ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಮಾಡಿಸಿ. ಅದು ನೆಗೆಟಿವ್ ಬಂದರೆ 162 ಲಸಿಕೆಯದೇ, ಗುಪ್ತ ಸೋಂಕಿನ ಅನುಮಾನವನ್ನು ಬದಿಗಿಡಬಹುದು. ಪಾಸಿಟಿವ್ ಬಂದರೆ, ಹಿಂದೆಂದೂ ಫ್ಲೂ ಬಂದದ್ದಾಗಲಿ ಬೇರೆ ಬಗೆಯ ಲಸಿಕೆ ಪಡೆದದ್ದಾಗಲಿ ದಾಖಲೆಯಲ್ಲಿ ಇಲ್ಲದಿದ್ದರೆ, ಇಡೀ ಲಾಯವನ್ನು ಸೋಂಕಿತವೆಂದೇ ಎಣಿಸಿ. ಕೊನೆಯ ಜ್ವರ ಅಥವಾ ಕೊನೆಯ ಪಾಸಿಟಿವ್ ಸ್ವಾಬ್‌ನಿಂದ ಲೆಕ್ಕ ಹಿಡಿದು ಕನಿಷ್ಠ ಮೂರು ವಾರ ಯಾವ ಕುದುರೆಯೂ ಗೇಟು ದಾಟದಂತೆ ನೋಡಿಕೊಳ್ಳಿ.